ಡ್ರಾಯಿಂಗ್ ಪೀರಿಯಡ್ಡಿಗೆ ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್: ಹಾವೇರಿ ಕಡೆಯ ಟೀಚರೊಬ್ಬರ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್ ಅಂದರೆ ಬೇರೆ ಬೇರೆ ಮ್ಯೂಸಿಯಂಗಳ ಚಿತ್ರಗಳನ್ನು ಫೋನಿನಲ್ಲೇ ತೋರಿಸುವ ಆ್ಯಪ್. ಪುಕ್ಕಟೆ, ಮಧ್ಯೆ ಜಾಹೀರಾತಿನ ಕಾಟವಿಲ್ಲ. ಡ್ರಾಯಿಂಗ್ ಕಲಿಸುವವರು ಧಾರಾಳವಾಗಿ ಹಾಕಿಕೊಳ್ಳಿ. ಹಾಕಿಕೊಂಡ ಮೇಲೆ ಅದರಲ್ಲಿರುವ ಆಟಗಳನ್ನೆಲ್ಲ ಪಕ್ಕಕ್ಕಿಟ್ಟು ಒಂದೇ ಕೆಲಸಕ್ಕೆ ಬಳಸಿ: ಚಿತ್ರವನ್ನು ಹತ್ತಿರದಿಂದ ನೋಡುವುದಕ್ಕೆ. ಆ ಕೆಲಸಕ್ಕೆ ನಾನು ಐದಕ್ಕೆ ಐದು ಕೊಡುತ್ತೇನೆ. ಉಳಿದದ್ದಕ್ಕೆ ಎರಡು ಕೊಟ್ಟರೂ ಜಾಸ್ತಿ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಎಂಟು, ಒಂಬತ್ತು, ಹತ್ತು. ಪರೀಕ್ಷೆ ಹತ್ತಿರ ಬಂದರೆ ನನ್ನ ಪೀರಿಯಡ್ಡನ್ನು ಗಣಿತದವರು ಸಾಲ ಕೇಳುತ್ತಾರೆ. ಸಾಲ ತೀರಿಸಿದ್ದನ್ನು ನಾನಂತೂ ಕಂಡಿಲ್ಲ. ಒಂದು ಕೋಣೆಯಲ್ಲಿ ಹಳೇ ವಿದ್ಯಾರ್ಥಿಗಳು ಕೊಡಿಸಿದ ದೊಡ್ಡ ಟಿವಿ ಇದೆ. ನೆಟ್ ನನ್ನ ಫೋನಿನ ಹಾಟ್‌ಸ್ಪಾಟಿನದು. ಬಿಸಿಲು ಬಿದ್ದರೆ ಟಿವಿ ಕಾಣುವುದಿಲ್ಲ, ಆಗ ಕಿಟಕಿಗೆ ಹುಡುಗರು ಹಳೇ ಬ್ಯಾನರ್ ಕಟ್ಟುತ್ತಾರೆ. ನಾನು ಈ ವಿಮರ್ಶೆ ಬರೆಯುತ್ತಿರುವುದು ಇಂಥ ಕೋಣೆಯಲ್ಲಿ ಬಳಸಿ ನೋಡಿ. ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಯವರು ಇದನ್ನು ಓದಿ ನಕ್ಕರೂ ಬೇಜಾರಿಲ್ಲ.

ನಾನು ಕಲಿಯುವಾಗ ಕಲಾ ಇತಿಹಾಸ ಅಂದರೆ ಪುಸ್ತಕದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ, ಕಪ್ಪು ಬಿಳುಪು, ಝೆರಾಕ್ಸ್ ಮಾಡಿ ಮಾಡಿ ಸವೆದ ಚಿತ್ರ. ಮೊನಾಲಿಸಾ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗುತ್ತಿರಲಿಲ್ಲ. ಚಿತ್ರಕಾರ ಹುಟ್ಟಿದ್ದು ಎಲ್ಲಿ, ಸತ್ತದ್ದು ಯಾವಾಗ, ಪ್ರಮುಖ ಕೃತಿಗಳು ಯಾವುವು ಅಂತ ಬಾಯಿಪಾಠ ಮಾಡಿ ಪೇಪರ್ ಬರೆದೆವು. ವ್ಯಾನ್ ಗೋನ ಬಣ್ಣ ದಪ್ಪ ಅಂತ ಬರೆದು ಮಾರ್ಕ್ಸ್ ತೆಗೆದುಕೊಂಡ ನಾವು ಆ ದಪ್ಪವನ್ನು ಕಂಡೇ ಇರಲಿಲ್ಲ.

ಗೂಗಲ್ ಇದನ್ನು ಶುರು ಮಾಡಿದ್ದು 2011ರ ಫೆಬ್ರವರಿಯಲ್ಲಿ, 17 ಮ್ಯೂಸಿಯಂಗಳ ಜೊತೆ. ಆಗ ಇದರ ಹೆಸರು ಆರ್ಟ್ ಪ್ರಾಜೆಕ್ಟ್. ಒಂದೊಂದು ಮ್ಯೂಸಿಯಂ ಒಂದೊಂದು ಚಿತ್ರ ಆರಿಸಿಕೊಟ್ಟಿತು, ಅದನ್ನು ಗಿಗಾಪಿಕ್ಸೆಲ್ ಲೆಕ್ಕದಲ್ಲಿ, ಅಂದರೆ ನೂರು ಕೋಟಿ ಚುಕ್ಕೆಗಳ ಲೆಕ್ಕದಲ್ಲಿ, ಫೋಟೋ ತೆಗೆದರು. ಮರುವರ್ಷ ದೆಹಲಿಯ ನ್ಯಾಷನಲ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್ ಕೂಡ ಸೇರಿದವು. ಇತಿಹಾಸ ಇಷ್ಟು ಸಾಕು.

ನಾನು ಎಲ್ಲಕ್ಕಿಂತ ಹೆಚ್ಚು ಬಳಸುವ ಚಿತ್ರ ಪೀಟರ್ ಬ್ರೂಗೆಲ್ 1565ರಲ್ಲಿ ಬರೆದ 'ದಿ ಹಾರ್ವೆಸ್ಟರ್ಸ್'. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಇಡೀ ಚಿತ್ರ ಸುಗ್ಗಿಯದು. ಹಳದಿ ಗೋಧಿ ಹೊಲ, ಅರ್ಧ ಕೊಯ್ದದ್ದು, ಅರ್ಧ ನಿಂತದ್ದು. ಮರದ ಕೆಳಗೆ ಜನ ಬುತ್ತಿ ಬಿಚ್ಚಿ ಕೂತಿದ್ದಾರೆ. ಒಬ್ಬ ಕಾಲು ಚಾಚಿ ಮಲಗಿಬಿಟ್ಟಿದ್ದಾನೆ. ಇದನ್ನು ಟಿವಿಗೆ ಹಾಕಿ ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಚಿತ್ರಕಾರನ ಹೆಸರಿಲ್ಲ, ದೇಶವಿಲ್ಲ, ಇಸವಿ ಇಲ್ಲ. "ಏನು ಕಾಣಿಸುತ್ತದೆ ಹೇಳಿ" ಅಂತ ಒಂದೇ ಮಾತು.

ಮೊದಲ ಉತ್ತರ ಯಾವಾಗಲೂ ಮಲಗಿದವನ ಬಗ್ಗೆಯೇ. "ಹೊಟ್ಟಿ ತುಂಬ ಉಂಡು ಮಲ್ಕೊಂಡಾನ್ರಿ ಟೀಚರ್." ಆಮೇಲೆ ಸಿವುಡುಗಳ ಲೆಕ್ಕ ಶುರುವಾಗುತ್ತದೆ. ನಮ್ಮಲ್ಲಿ ಕುಡುಗೋಲು ಹಿಡಿದು ಬಗ್ಗಿ ಕೊಯ್ಯುತ್ತಾರೆ, ಅಲ್ಲಿಯವನ ಕೈಯಲ್ಲಿ ಆಳೆತ್ತರದ ಹಿಡಿ. ನಿಂತೇ ಬೀಸುತ್ತಾನೆ. "ಅವಗ ಸೊಂಟ ನೋಯಂಗಿಲ್ಲ" ಎಂದಳು ಒಬ್ಬಳು. ಅವಳು ಜೋಳ ಕೊಯ್ಯಲು ಹೋಗುವವಳು, ಅವಳಿಗೆ ಗೊತ್ತು. ಗೋಧಿಯ ನಡುವಿನ ದಾರಿಯಲ್ಲಿ ಒಬ್ಬ ಹೂಜಿ ಹಿಡಿದು ಬರುತ್ತಿದ್ದಾನೆ. ಹಿಂದೆ ಕಣಿವೆಯಲ್ಲಿ ಪೈರು ತುಂಬಿದ ಗಾಡಿ. ಅದಕ್ಕೂ ಹಿಂದೆ ಮಸುಕು ಮಸುಕಾಗಿ ನೀರು, ಹಡಗು.

ಇಷ್ಟು ಆದ ಮೇಲೆ ಝೂಮ್ ಮಾಡುತ್ತೇನೆ. ಮಧ್ಯದಲ್ಲಿ ದೂರಕ್ಕೆ ಒಂದು ಹಸಿರು ಬಯಲಿದೆ. ಪುಸ್ತಕದ ಚಿತ್ರದಲ್ಲಿ ಅದು ಬರೀ ಹಸಿರು ಚುಕ್ಕೆ. ಇಲ್ಲಿ ಹಿಗ್ಗಿಸುತ್ತ ಹೋದರೆ ಬಯಲಿನಲ್ಲಿ ಇರುವೆಯಷ್ಟು ಜನ ಕಾಣಿಸುತ್ತಾರೆ. ಇನ್ನೂ ಹೋದರೆ ಅವರು ಕಟ್ಟಿಹಾಕಿದ ಒಂದು ಹಕ್ಕಿಗೆ ಕೋಲು ಎಸೆಯುತ್ತಿದ್ದಾರೆ. ಇದು ಆ ಕಾಲದ ಯುರೋಪಿನ ಹಳ್ಳಿಗಳಲ್ಲಿ ಆಡುತ್ತಿದ್ದ ಆಟ. ಕೋಣೆಯಲ್ಲಿ ಗದ್ದಲವೋ ಗದ್ದಲ. "ಅದಕ್ಕ ಯಾಕ ಹೊಡ್ಯಾಕ ಹತ್ಯಾರ್ರೀ?" ಆಟಕ್ಕೆ ಅಂದೆ. ಹಿಂದಿನ ಬೆಂಚಿನವರು ಕೋಳಿ ಅಂಕದ ಮಾತು ತೆಗೆದರು, ಅದನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು.

ನಾನು ಹೇಳಬೇಕಾದ್ದು ಇಷ್ಟೇ. ಈ ಮಕ್ಕಳು ಒಂದು ಚಿತ್ರದ ಮುಂದೆ ಪೂರ್ತಿ ಪೀರಿಯಡ್ ಕೂತರು. ಹತ್ತು ಸೆಕೆಂಡಿಗೊಮ್ಮೆ ಬೆರಳು ಆಡಿಸಿ ಮುಂದಿನ ವಿಡಿಯೊಗೆ ಹಾರುವ ಅದೇ ಮಕ್ಕಳು. ನೆಟ್ಟಿನಿಂದ ನೋಡುವ ಚಟ ಕೆಡುತ್ತದೆ ಅಂತ ಎಲ್ಲರೂ ಅನ್ನುತ್ತಾರೆ, ನಾನೂ ಸ್ಟಾಫ್ ರೂಮಿನಲ್ಲಿ ಅನ್ನುತ್ತಿರುತ್ತೇನೆ. ಒಂದು ಚಿತ್ರ, ಒಂದು ಪೀರಿಯಡ್ ಅಂತ ಕಟ್ಟು ಹಾಕಿದರೆ ಅದೇ ನೆಟ್ಟು ನೋಡುವುದನ್ನು ಕಲಿಸುತ್ತದೆ. ಆ ಕಟ್ಟನ್ನು ಆ್ಯಪ್ ಹಾಕುವುದಿಲ್ಲ. ಅದು ಪಕ್ಕದಲ್ಲಿ, ಕೆಳಗೆ, ಮೇಲೆ ಇನ್ನೂ ಇಪ್ಪತ್ತು ಚಿತ್ರ ತೋರಿಸುತ್ತಲೇ ಇರುತ್ತದೆ. ಕಟ್ಟು ಹಾಕಬೇಕಾದವರು ನಾವು.

ಡೇಟಾ ಎಷ್ಟು ತಿನ್ನುತ್ತದೆ ಅಂತ ಬಹಳ ಜನ ಟೀಚರ್‌ಗಳು ಕೇಳುತ್ತಾರೆ. ಅಂದುಕೊಂಡಷ್ಟು ಇಲ್ಲ. ಅಷ್ಟು ದೊಡ್ಡ ಚಿತ್ರ ಒಂದೇ ಸಲಕ್ಕೆ ಫೋನಿಗೆ ಇಳಿಯುವುದಿಲ್ಲ. ಅದನ್ನು ಮೊದಲೇ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ನಾವು ಯಾವ ಮೂಲೆ ನೋಡುತ್ತೇವೋ ಆ ಮೂಲೆಯ ಚೌಕಗಳು ಮಾತ್ರ ಬರುತ್ತವೆ. ಹೀಗಾಗಿ ವಿಡಿಯೊಗಿಂತ ಇದು ಹಗುರ. ನಮ್ಮೂರಿನ ನೆಟ್ ನಿಧಾನ ಇದ್ದಾಗ ಮೊದಲು ಮಬ್ಬಾಗಿ ಬಂದು ಆಮೇಲೆ ಚೌಕ ಚೌಕವಾಗಿ ತಿಳಿಯಾಗುತ್ತದೆ. ಅದೂ ಒಂದು ಆಟವೇ ಆಯಿತು. ತಿಳಿಯಾಗುವ ಮೊದಲು ಅಲ್ಲಿ ಏನಿದೆ ಅಂತ ಊಹಿಸಿ ಹೇಳಬೇಕು.

ನೋಡಿದ್ದು ಕೈಗೆ ಇಳಿಯಬೇಕಲ್ಲ. ಅದಕ್ಕೆ ವ್ಯಾನ್ ಗೋ 1889ರಲ್ಲಿ ಬರೆದ 'ಸ್ಟಾರಿ ನೈಟ್' ಒಳ್ಳೆಯದು. ನಕ್ಷತ್ರದ ಸುತ್ತ ಹಿಗ್ಗಿಸಿದರೆ ಬ್ರಷ್ಷಿನ ಒಂದೊಂದು ಎಳೆತ ಬೇರೆ ಬೇರೆ ಕಾಣುತ್ತದೆ. ನಡುನಡುವೆ ಬಣ್ಣ ಮುಟ್ಟದ ಬರೀ ಕ್ಯಾನ್ವಾಸ್ ಕೂಡ. ಮಕ್ಕಳಿಗೆ ಇದು ದೊಡ್ಡ ಸುದ್ದಿ, ಯಾಕೆಂದರೆ ಖಾಲಿ ಬಿಟ್ಟರೆ ಟೀಚರ್ ಬೈಯುತ್ತಾರೆ ಅಂತ ಅವರ ನಂಬಿಕೆ. ಹೆಬ್ಬೆರಳಿನಷ್ಟು ಜಾಗ ಆರಿಸಿ, ಅದನ್ನು ಇಡೀ ಡ್ರಾಯಿಂಗ್ ಶೀಟಿನ ತುಂಬ ಆಯಿಲ್ ಪೇಸ್ಟಲ್ಲಿನಲ್ಲಿ ದೊಡ್ಡದು ಮಾಡಿ ಅನ್ನುತ್ತೇನೆ. ಎಳೆತ ಯಾವ ಕಡೆಗೆ ಹೋಗಿದೆಯೋ ಆ ಕಡೆಗೇ ಎಳೆಯಬೇಕು. ನಕಲು ಮಾಡಿಸುವುದು ತಪ್ಪಲ್ಲವಾ ಅಂತ ಹೊಸ ಟೀಚರ್‌ಗಳು ಕೇಳುತ್ತಾರೆ. ಮೈಸೂರು ಶೈಲಿಯ ಚಿತ್ರ ಕಲಿಯುವವರು ಗುರುಗಳ ರೇಖೆಯ ಮೇಲೆ ಎಷ್ಟು ಸಲ ಕೈ ಓಡಿಸಿರುತ್ತಾರೆ! ನಕಲು ಮಾಡುವಾಗ ಕಣ್ಣು ತೆರೆದಿದ್ದರೆ ಸಾಕು.

ಇನ್ನೊಂದು, ಡಚ್ ಚಿತ್ರಕಾರ ವರ್ಮೀರನ ಹಾಲು ಸುರಿಯುವ ಹೆಂಗಸು. ಮೂಲ ಆಮ್‌ಸ್ಟರ್‌ಡ್ಯಾಂನ ರೈಕ್ಸ್ ಮ್ಯೂಸಿಯಂನಲ್ಲಿದೆ. ಅವಳ ಹಿಂದಿನ ಬಿಳಿ ಗೋಡೆ ನೋಡಿ. ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ನೆರಳು, ಅಲ್ಲಲ್ಲಿ ಮೊಳೆ ಕಿತ್ತ ತೂತು. "ಮೊಳೆ ಹುಡುಕಿ" ಅಂದರೆ ಎಂಟನೆಯವರು ಟಿವಿಗೆ ಮೂಗು ಹಚ್ಚುತ್ತಾರೆ. ಆಮೇಲೆ ಒಬ್ಬ ಹುಡುಗ ನಮ್ಮ ಕೋಣೆಯ ಕ್ಯಾಲೆಂಡರ್ ಮೊಳೆಯನ್ನು 4ಬಿ ಪೆನ್ಸಿಲ್ಲಿನಲ್ಲಿ ಬರೆದು ತಂದ. ಬರೀ ಮೊಳೆ, ಸುಣ್ಣ ಉದುರಿದ ಗೋಡೆ, ಓರೆಯಾಗಿ ಬಿದ್ದ ನೆರಳು. ಮೊದಲೆಲ್ಲ ಅವನಿಗೆ ಏನಾದರೂ ಬರಿ ಅಂದರೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ತೆಂಗಿನ ಮರ. ಈ ಎರಡು ಗುಡ್ಡದ ಸೀನರಿಗೆ ಎಲ್ಲರೂ ಯೂಟ್ಯೂಬನ್ನು ಬೈಯುತ್ತಾರೆ. ಅನ್ಯಾಯ ಅದು. ನಾವು ಚಿಕ್ಕವರಿದ್ದಾಗ ಯೂಟ್ಯೂಬ್ ಎಲ್ಲಿತ್ತು? ಗುಡ್ಡ ಮಾತ್ರ ಇದ್ದವು.

ಈಗ ಕೊರತೆಗಳಿಗೆ ಬರುತ್ತೇನೆ. ದೊಡ್ಡ ಕೊರತೆ ಅಳತೆಯದು.

ವರ್ಮೀರನ ಆ ಚಿತ್ರ 45.5 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲ. ಅಂದರೆ ದೇವರ ಕೋಣೆಯ ದೊಡ್ಡ ಫೋಟೋದಷ್ಟೇ. ಅದೇ ಮ್ಯೂಸಿಯಂನಲ್ಲಿರುವ ರೆಂಬ್ರಾಂಟನ 'ನೈಟ್ ವಾಚ್', ಸೈನಿಕರ ಗುಂಪಿನ ಚಿತ್ರ, ಸುಮಾರು 3.8 ಮೀಟರ್ ಎತ್ತರ, 4.5 ಮೀಟರ್ ಅಗಲ. ಟಿವಿಯಲ್ಲಿ ಎರಡೂ ಒಂದೇ. ಒಂದು ಮೊಳದ ಚಿತ್ರವೂ ಅಷ್ಟೇ, ಗೋಡೆ ತುಂಬುವ ಚಿತ್ರವೂ ಅಷ್ಟೇ. ಮಕ್ಕಳ ತಲೆಯಲ್ಲಿ ಎಲ್ಲ ಚಿತ್ರಗಳೂ ಟಿವಿ ಅಳತೆಯವು ಅಂತ ಕೂತುಬಿಡುತ್ತದೆ. ಚಿತ್ರಕಾರ ಆ ಅಳತೆಯನ್ನು ಸುಮ್ನೆ ಆರಿಸಿಕೊಂಡಿರುವುದಿಲ್ಲ. ಆಳೆತ್ತರದ ಮನುಷ್ಯರನ್ನು ಬರೆಯುವ ಕೈಚಲನೆ ಬೇರೆ, ಅಂಗೈಯಷ್ಟು ಮುಖ ಬರೆಯುವುದು ಬೇರೆ.

ಇದಕ್ಕೆ ಆ್ಯಪ್‌ನವರು ಆರ್ಟ್ ಪ್ರೊಜೆಕ್ಟರ್ ಅಂತ ಒಂದು ಸೌಲಭ್ಯ ಕೊಟ್ಟಿದ್ದಾರೆ. ಫೋನಿನ ಕ್ಯಾಮೆರಾ ಮೂಲಕ ಕೋಣೆಯನ್ನು ನೋಡಿದರೆ, ಚಿತ್ರ ನಿಜವಾದ ಅಳತೆಯಲ್ಲಿ ಎದುರು ನಿಂತ ಹಾಗೆ ಕಾಣಿಸುತ್ತದೆ. ಯೋಚನೆ ಚೆನ್ನಾಗಿದೆ. ಎಲ್ಲ ಫೋನುಗಳಲ್ಲೂ ನಡೆಯುವುದಿಲ್ಲ, ಮತ್ತೆ ಒಂದು ಫೋನಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ನೋಡಬೇಕು. ತರಗತಿ ತುಂಬ ಮಕ್ಕಳಿದ್ದಾಗ ಅದು ಆಗುವ ಮಾತಲ್ಲ. ನಾನು ಮಾಡಿದ್ದು ಸುಲಭದ್ದು. ರಂಗೋಲಿ ಪುಡಿ ತರಿಸಿ ಮೈದಾನದಲ್ಲಿ ನೈಟ್ ವಾಚ್ ಅಳತೆಯ ಚೌಕ ಹಾಕಿಸಿದೆ. ಟೇಪು ಹಿಡಿದು ಅಳೆದವರು ಮಕ್ಕಳೇ. ಅದರ ಒಂದು ಮೂಲೆಯಲ್ಲಿ ವರ್ಮೀರನ ಚೌಕ. ಆಮೇಲೆ ಚೌಕದೊಳಗೆ ಸೈನಿಕರ ಹಾಗೆ ನಿಲ್ಲಿ ಅಂದೆ. ಅವತ್ತು ಗಣಿತದವರೂ ಬಂದು ನಿಂತು ನೋಡಿದರು. ಕ್ಷೇತ್ರಫಲ ಕೇಳಿಯೇ ಹೋದರು.

ಎರಡನೆಯ ಕೊರತೆ ಡೌನ್‌ಲೋಡ್. ಈ ಆ್ಯಪ್‌ನಲ್ಲಿ ಚಿತ್ರ ನೋಡಬಹುದು, ಮೆಚ್ಚಿದ್ದನ್ನು ಗುರುತು ಹಾಕಿ ಇಟ್ಟುಕೊಳ್ಳಬಹುದು, ಒಳ್ಳೆಯ ಗುಣಮಟ್ಟದಲ್ಲಿ ಇಳಿಸಿಕೊಳ್ಳಲು ಕೊಡುವುದಿಲ್ಲ. ಪ್ರಿಂಟ್ ಬೇಕಿದ್ದರೆ ಮ್ಯೂಸಿಯಂನವರ ಸ್ವಂತ ತಾಣಕ್ಕೇ ಹೋಗಿ. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರವರಿಯಲ್ಲಿ ಹಕ್ಕುಸ್ವಾಮ್ಯ ಮುಗಿದ ತನ್ನ ಚಿತ್ರಗಳ ಫೋಟೋಗಳನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಿಕೊಳ್ಳಿ ಅಂತ ಬಿಟ್ಟುಕೊಟ್ಟಿತು. ರೈಕ್ಸ್ ಮ್ಯೂಸಿಯಂ ಅದಕ್ಕೂ ಮೊದಲೇ, 2012ರಲ್ಲಿ, ರೈಕ್ಸ್ ಸ್ಟುಡಿಯೊ ಅಂತ ಶುರು ಮಾಡಿ ಚಿತ್ರಗಳನ್ನು ಇಳಿಸಿಕೊಳ್ಳಲು ಬಿಟ್ಟಿತು. ನೈಟ್ ವಾಚ್ ಹತ್ತಿರದಿಂದ ನೋಡಲು ಕೂಡ ಗೂಗಲ್ಲಿಗಿಂತ ಅವರ ತಾಣವೇ ಮೇಲು. 2022ರಲ್ಲಿ ಅವರು 8,439 ಫೋಟೋಗಳನ್ನು ಹೊಲಿದು 717 ಗಿಗಾಪಿಕ್ಸೆಲ್ಲಿನ ಒಂದೇ ಚಿತ್ರ ಮಾಡಿ ಹಾಕಿದ್ದಾರೆ. ಕಣ್ಣಗುಡ್ಡೆಯ ಮೇಲಿನ ಬಣ್ಣದ ಬಿರುಕು ಕೂಡ ಎಣಿಸಬಹುದು.

ಬ್ರೂಗೆಲನ ಸುಗ್ಗಿಯನ್ನು ಹೀಗೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಹಾಕಿ ನಮ್ಮೂರ ಬ್ಯಾನರ್ ಅಂಗಡಿಗೆ ಕೊಟ್ಟೆ. ನಿಜವಾದ ಅಳತೆ, ಅಂದರೆ ಸುಮಾರು ನಾಲ್ಕು ಅಡಿ ಎತ್ತರ, ಐದೂಕಾಲು ಅಡಿ ಅಗಲ. ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಚಿತ್ರ ತೆಗೆದು, ಅಳತೆ ಕೂಡಿಸಿ, ತುಂಬ ಗಂಭೀರವಾಗಿ ಕೇಳಿದ: "ಟೀಚರ್ರ, ಕೆಳಗ ಶುಭ ಕೋರುವವರು ಅಂತ ಯಾರ ಹೆಸರು ಹಾಕೂಣ್ರಿ?"

ಆಟಗಳ ವಿಷಯ. ಆರ್ಟ್ ಸೆಲ್ಫಿ ಅಂತ ಒಂದಿದೆ, ನಿಮ್ಮ ಮುಖಕ್ಕೆ ಹೋಲುವ ಹಳೆಯ ಚಿತ್ರ ಹುಡುಕಿ ಕೊಡುತ್ತದೆ. ಮನೆಯಲ್ಲಿ ನೆಂಟರು ಬಂದಾಗ ಮಜಾ ಇರುತ್ತದೆ. ತರಗತಿಯಲ್ಲಿ ತೆಗೆದರೆ ಪೀರಿಯಡ್ ಮುಗಿದ ಹಾಗೇ, ಮತ್ತೆ ಮಕ್ಕಳ ಮುಖದ ಫೋಟೋ ತೆಗೆಯುವುದೇ ನನಗೆ ಸರಿ ಕಾಣುವುದಿಲ್ಲ. ಬಣ್ಣ ತುಂಬುವ ಆಟವೂ ಇದೆ. ಬೆರಳು ಒತ್ತಿದರೆ ಗೆರೆ ದಾಟದೆ ಬಣ್ಣ ತುಂಬಿಕೊಳ್ಳುತ್ತದೆ. ಬಣ್ಣ ಕಲಸುವುದು ಎಲ್ಲಿ ಬಂತು? ಪೋಸ್ಟರ್ ಕಲರಿಗೆ ನೀರು ಜಾಸ್ತಿಯಾದರೆ ಏನಾಗುತ್ತದೆ ಅಂತ ಫೋನಿನ ಬಣ್ಣ ಕಲಿಸುವುದಿಲ್ಲ.

ನನಗೆ ಸಿಟ್ಟು ಬರುವುದು ಆರ್ಟ್ ಟ್ರಾನ್ಸ್‌ಫರ್ ಮೇಲೆ. ನಿಮ್ಮ ಎಮ್ಮೆಯ ಫೋಟೋ ತೆಗೆದು ಕೊಟ್ಟರೆ ಅದನ್ನು ವ್ಯಾನ್ ಗೋ ಬರೆದ ಹಾಗೆ ಮಾಡಿ ಕೊಡುತ್ತದೆ. ಒಂದೊಂದು ಎಳೆತದ ಹಿಂದೆ ಬಿದ್ದು ಇಡೀ ಪೀರಿಯಡ್ ಕಳೆದ ಹುಡುಗಿಯ ಮುಂದೆ ಇದನ್ನು ತೋರಿಸಿದರೆ ಅವಳು ಪೇಸ್ಟಲ್ ಕೆಳಗಿಡುತ್ತಾಳೆ. ದೊಡ್ಡವರು ಏನಾದರೂ ಮಾಡಿಕೊಳ್ಳಲಿ. ಹೈಸ್ಕೂಲಿನವರೆಗೆ ಬೇಡ.

ಕೈಯ ಮಾತು ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಕೊರೊನಾ ಕಾಲದಲ್ಲಿ ನಾವೆಲ್ಲ ವಾಟ್ಸ್ಆ್ಯಪ್‌ನಲ್ಲೇ ಡ್ರಾಯಿಂಗ್ ಕಲಿಸಿದೆವು. ಮಕ್ಕಳು ಬರೆದು ಫೋಟೋ ಕಳಿಸುತ್ತಿದ್ದರು. ಕೊಡದ ಬಾಯಿ ಸೊಟ್ಟ ಆಗಿದೆ ಅಂತ ಫೋಟೋ ನೋಡಿ ಹೇಳಬಹುದು. ಆದರೆ ಯಾಕೆ ಸೊಟ್ಟ ಆಯಿತು? ಪೆನ್ಸಿಲ್ಲನ್ನು ತುದಿಯ ಹತ್ತಿರ ಬಿಗಿಯಾಗಿ ಹಿಡಿದಿದ್ದರಾ, ತೋಳು ಆಡಿಸದೆ ಬರೀ ಮಣಿಕಟ್ಟು ತಿರುಗಿಸಿದರಾ, ಮಂಚದ ಮೇಲೆ ಮಲಗಿ ಬರೆದರಾ? ಪಕ್ಕದಲ್ಲಿ ನಿಂತರೆ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಫೋಟೋಗೆ ಅದು ಗೊತ್ತಿಲ್ಲ. ಅದೇ ಕಾಲದಲ್ಲಿ ಒಂದು ಒಳ್ಳೆಯದೂ ಆಯಿತು ಅನ್ನಿ. 2003ರಿಂದ ನಡೆಯುತ್ತಿದ್ದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ 2021ರ ಜನವರಿಯಲ್ಲಿ ಆನ್‌ಲೈನಿಗೆ ಬಂತು. ಬೆಂಗಳೂರಿಗೆ ಹೋಗಿ ಬರುವ ಖರ್ಚಿಲ್ಲದೆ ನಮ್ಮ ಮಕ್ಕಳು ಸಂತೆ ನೋಡಿದರು. ಚಿತ್ರಗಳಿಗಿಂತ ಅವುಗಳ ಬೆಲೆ ನೋಡಿ ಬಾಯಿ ಬಿಟ್ಟರು.

ನಮ್ಮ ಚಿತ್ರಗಳು ಏನೇನಿವೆ? ಭಾರತದ ಭಾಗ ತೀರಾ ಬಡವಾಗಿಲ್ಲ. 2020ರಲ್ಲಿ ದೆಹಲಿಯ ನ್ಯಾಷನಲ್ ಮ್ಯೂಸಿಯಂ ಜೊತೆ ಸೇರಿ ಮಾಡಿದ ಮಿನಿಯೇಚರ್, ಅಂದರೆ ಸಣ್ಣ ಅಳತೆಯ ಸೂಕ್ಷ್ಮ ಚಿತ್ರಗಳ ಸಂಗ್ರಹ ಬಹಳ ಚೆನ್ನಾಗಿದೆ. ಮಿನಿಯೇಚರ್ ಅನ್ನು ಹತ್ತಿರದಿಂದಲೇ ನೋಡಬೇಕು, ಅದಕ್ಕೆ ಝೂಮ್ ಹೇಳಿ ಮಾಡಿಸಿದ್ದು. ಬೆಂಗಳೂರಿನ ರಾಜಾ ರವಿವರ್ಮ ಹೆರಿಟೇಜ್ ಫೌಂಡೇಶನ್ ಇಟ್ಟ ರವಿವರ್ಮನ ಚಿತ್ರಗಳೂ ಸಿಗುತ್ತವೆ. ಮಕ್ಕಳಿಗೆ ಅವನು ಗೊತ್ತಿರುವುದು ಅಜ್ಜಿಯ ಜಗಲಿ ಮೇಲಿನ ಲಕ್ಷ್ಮಿ, ಸರಸ್ವತಿಯಿಂದ. 1894ರಲ್ಲಿ ಅವನು ಮುಂಬೈಯಲ್ಲಿ ಪ್ರೆಸ್ ಹಾಕಿದ್ದರಿಂದಲೇ ಆ ಚಿತ್ರಗಳು ನಮ್ಮ ಮನೆಗಳ ಗೋಡೆಗೆ ಬಂದವು. ಅವತ್ತಿನ ನೆಟ್ ಅದೇ.

ಹಾವೇರಿ, ಧಾರವಾಡ, ಗದಗ ಕಡೆಯವರನ್ನು ಹುಡುಕಿದರೆ ಮಾತ್ರ ಕೈಗೆ ಸಿಗುವುದು ಬಹಳ ಕಡಿಮೆ. ಧಾರವಾಡದಲ್ಲಿ ಚಿತ್ರಕಲಾ ಶಾಲೆ ಕಟ್ಟಿದ ಡಿ.ವಿ. ಹಾಲಭಾವಿ, ಗದಗದ ವಿಜಯ ಕಲಾ ಮಂದಿರದ ಟಿ.ಪಿ. ಅಕ್ಕಿ, ಇವರ ಶಿಷ್ಯರ ಶಿಷ್ಯರ ಕೈಯಲ್ಲಿ ನಮ್ಮ ಕಡೆಯ ಎಷ್ಟೋ ಡ್ರಾಯಿಂಗ್ ಮೇಷ್ಟ್ರುಗಳು ಕಲಿತಿದ್ದಾರೆ. ಅವರ ಚಿತ್ರಗಳನ್ನು ಮೊಳೆ ಕಾಣುವಷ್ಟು ಹತ್ತಿರದಿಂದ ನಮ್ಮ ಮಕ್ಕಳಿಗೆ ತೋರಿಸಬೇಕೆಂದರೆ ಎಲ್ಲಿಗೆ ಹೋಗಲಿ? ಇದನ್ನು ಗೂಗಲ್ ತಪ್ಪು ಅನ್ನಲಾರೆ. ಯಾರ ಹತ್ತಿರ ಚಿತ್ರ ಇದೆಯೋ ಅವರು ಕೊಟ್ಟರೆ ತಾನೆ ಅವರು ಹಾಕುವುದು. ಆದರೆ ಇದರ ಪರಿಣಾಮ ತರಗತಿಯಲ್ಲಿ ಕಾಣುತ್ತದೆ. ನಮ್ಮ ಮಕ್ಕಳಿಗೆ ಡಚ್ಚರ ಗೋಡೆಯ ಮೊಳೆ ಗೊತ್ತು, ಗದಗದ ಚಿತ್ರಕಾರ ಗೊತ್ತಿಲ್ಲ.

ಹಾಗಾಗಿ ನೆಟ್ಟಿನಲ್ಲಿ ಇಲ್ಲದ್ದಕ್ಕೆ ಬಸ್ ಹತ್ತಿಸುತ್ತೇನೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಛತ್ತಿನ ಕೆಳಗೆ ಮಲಗಿ ಆ ಕಲ್ಲಿನ ಕಮಲ ನೋಡಬೇಕು. ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ್ ಕಟ್ಟಿಸಿದ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕೆಲ್ಲ ಆಳೆತ್ತರದ ಮೂರ್ತಿಗಳಲ್ಲಿದೆ. ಸುತ್ತಲಿನ ಶಾಲೆಗಳೆಲ್ಲ ಟ್ರಿಪ್ಪಿಗೆ ಹೋಗುತ್ತವೆ, ಐಸ್‌ಕ್ರೀಮ್ ತಿಂದು ಬರುತ್ತವೆ. ಬ್ರೂಗೆಲನನ್ನು ನೋಡಿದ ಮೇಲೆ ಕರೆದುಕೊಂಡು ಹೋಗಿ ನೋಡಿ. ಮೂರ್ತಿಯ ಕೈಯ ಕುಡುಗೋಲು ಹೇಗೆ ಹಿಡಿದಿದೆ ಅಂತ ಅವರೇ ಜಗಳಕ್ಕೆ ಬೀಳುತ್ತಾರೆ.

ಭಾಷೆಯ ತೊಂದರೆ ಇದ್ದೇ ಇದೆ. ವಿವರಣೆ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕ್ರೋಮ್‌ನಲ್ಲಿ ತೆರೆದು ಕನ್ನಡಕ್ಕೆ ತಿರುಗಿಸಬಹುದು, ಬರುವ ಕನ್ನಡವನ್ನು ಮಕ್ಕಳಿಗೆ ಓದಿಸುವ ಧೈರ್ಯ ನನಗಿಲ್ಲ. ನಾನೇ ಮನೆಯಲ್ಲಿ ಓದಿಕೊಂಡು ಹೋಗಿ ನಮ್ಮ ಮಾತಿನಲ್ಲಿ ಹೇಳುತ್ತೇನೆ. ಭಾರತದ ಕಲೆಯ ಬಗ್ಗೆ ಓದಲು ಇದಕ್ಕಿಂತ ಮ್ಯಾಪ್ ಅಕಾಡೆಮಿ ಮೇಲು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲಾ ಮತ್ತು ಛಾಯಾಚಿತ್ರ ಮ್ಯೂಸಿಯಂ ಮ್ಯಾಪ್ ಇದೆಯಲ್ಲ, ಅವರದ್ದು. ವಿಶ್ವಕೋಶ ಇದೆ, ಕೋರ್ಸುಗಳೂ ಇವೆ, ಎಲ್ಲ ಪುಕ್ಕಟೆ. ಅದೂ ಇಂಗ್ಲಿಷ್. ಆದರೆ ಬರವಣಿಗೆ ತಿಳಿಯಾಗಿದೆ, ಟೀಚರ್‌ಗಳು ಓದಿಕೊಳ್ಳಬಹುದು.

ಹಾಕಿಕೊಳ್ಳುವವರಿಗೆ ಒಂದೆರಡು ಮಾತು. ಫೋನಿನ ಆ್ಯಪ್ ನಿಮಗೆ ಇರಲಿ, ತರಗತಿಗೆ ಬ್ರೌಸರ್ ಬಳಸಿ. ಆಟಗಳ ಗುಂಡಿಗಳು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ, ಟಿವಿಯಲ್ಲೂ ಸಲೀಸು. ಚಿತ್ರವನ್ನು ಬೆಳಿಗ್ಗೆಯೇ ಒಮ್ಮೆ ತೆರೆದು, ಝೂಮ್ ಮಾಡಬೇಕಾದ ಮೂಲೆಗಳನ್ನು ನೋಡಿಕೊಂಡಿರಿ. ಬೆತ್ತಲೆ ಚಿತ್ರಗಳು ಪಕ್ಕದಲ್ಲೇ ಬಂದು ಕೂರುತ್ತವೆ, ಎಂಟನೆಯವರ ಮುಂದೆ ಹುಡುಕಾಟ ಶುರು ಮಾಡಬೇಡಿ. ಬ್ಯಾನರ್ ಮಾಡಿಸುವುದಿದ್ದರೆ ಫ್ಲೆಕ್ಸ್ ಬೇಡ, ಬಟ್ಟೆಯ ಮೇಲೆ ಮಾಡಿಸಿ. ಫ್ಲೆಕ್ಸ್ ಮೇಲೆ ಟ್ಯೂಬ್‌ಲೈಟ್ ಹೊಳೆದು ಅರ್ಧ ಚಿತ್ರ ಕಾಣುವುದಿಲ್ಲ. ಬಟ್ಟೆಯದನ್ನು ಸುತ್ತಿ ಬೀರುವಿನ ಮೇಲೆ ಇಡಬಹುದು, ಕರೆಂಟ್ ಹೋದ ದಿನ ಕಾರಿಡಾರಿನಲ್ಲಿ ಕಟ್ಟಿ ಪಾಠ ಮುಂದುವರಿಸಬಹುದು. ಅಂಗಡಿಯವನು ಕೇಳಿದರೆ ಶುಭ ಕೋರುವವರ ಜಾಗದಲ್ಲಿ ಎಂಟನೇ ತರಗತಿ ಅಂತ ಹಾಕಿಸಿ, ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ.